ಊಟಿಯ ಚಳಿ, ಡಬ್ಬಿಯೊಳಗಿನ ಸೆಕೆ

ನೀಲಗಿರಿ ಜಿಲ್ಲೆಯ ಗೂಡಲೂರು, ಕೋಟಗಿರಿ, ಕುಂದಾ ಕಡೆಯ ಚಹಾ ತೋಟಗಳಲ್ಲಿ ಎಲೆ ಕೀಳುವ ಹೆಂಗಸರಿಗೆ ಒಂದು ವಿಷಯವನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ಕಿತ್ತ ಹಸಿ ಎಲೆಯನ್ನು ಚೀಲಕ್ಕೆ ಅದುಮಿ ಅದುಮಿ ತುಂಬಿ, ಲಾರಿ ಬರುವುದು ಒಂದೆರಡು ತಾಸು ತಡವಾಯಿತೆಂದರೆ ಚೀಲದ ನಡುವಿನ ಎಲೆ ಕಾವು ಏರಿ ಕೆಂಪಾಗುತ್ತದೆ. ಹೊರಗೆ ಮಂಜು ಕವಿದಿದ್ದರೂ ಅಷ್ಟೇ. ಕಿತ್ತ ಮೇಲೂ ಎಲೆ ಉಸಿರಾಡುತ್ತಿರುತ್ತದೆ. ಉಸಿರಾಟದಿಂದ ಬಿಸಿ ಹುಟ್ಟುತ್ತದೆ. ಹುಟ್ಟಿದ ಬಿಸಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದರೆ ತಿಳಿಯುತ್ತದೆ, ಮೇಲೆ ತಣ್ಣಗೆ, ಒಳಗೆ ಜ್ವರ ಬಂದವರ ಮೈ.

ಇದೇ ಜಿಲ್ಲೆಯಲ್ಲಿ ಅಂಗೈಯಗಲದ ಕಂಪ್ಯೂಟರನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮಳೆ ನೀರು ಇಳಿಯದಂತೆ ಸುತ್ತ ಸಿಲಿಕೋನ್ ಬಳಿದು, ಕಂಬಕ್ಕೆ ಬಿಗಿಯುವವರ ಬಾಯಲ್ಲಿ ಬರುವ ಮಾತು ಬೇರೆ: 'ನೀಲಗಿರಿ ಚಳಿಗೆ ಇದೆಲ್ಲಿ ಬಿಸಿ ಆಗುತ್ತೆ ಬಿಡಿ ಸಾರ್.' ಆಗುತ್ತದೆ. ಚೀಲದ ಎಲೆಗೆ ಆದದ್ದೇ ಅದಕ್ಕೂ ಆಗುತ್ತದೆ. ಬೋರ್ಡಿನ ಪಾಲಿಗೆ ಊರಿನ ಹವೆ ಎಂದರೆ ಡಬ್ಬಿಯೊಳಗಿನ ಹವೆ. ಅದನ್ನು ಮರೆತು ಬೋರ್ಡು ಕೊಳ್ಳುವ ಶಾಲೆ, ಇಲಾಖೆ, ಪಂಚಾಯಿತಿ ಎಲ್ಲವೂ ದುಡ್ಡು ಕೊಟ್ಟು ಕೊಂಡ ವೇಗದಲ್ಲಿ ಅರ್ಧವನ್ನು ಡಬ್ಬಿಗೆ ಒಪ್ಪಿಸುತ್ತಿವೆ.

ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದರೆ ಒಂದೇ ಹಲಗೆಯ ಗಣಕ. ಪ್ರೊಸೆಸರ್, ಮೆಮೊರಿ, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವೂ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು ಜಾಗದಲ್ಲಿ. ಇವುಗಳಲ್ಲಿ ಹೆಚ್ಚು ಜನರ ಕೈಗೆ ಬಂದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ. 2012ರ ಫೆಬ್ರವರಿ 29ರಂದು ಮೊದಲ ಬಾರಿ ಮಾರಾಟಕ್ಕೆ ಬಂತು. ಕನ್ನಡಿಗರಿಗೆ ಅದಕ್ಕಿಂತ ಹಳೆಯ ನೆನಪೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಈ ಶತಮಾನದ ಆರಂಭದಲ್ಲಿ ರೂಪಿಸಿದ ಸಿಂಪ್ಯೂಟರ್, ಹಳ್ಳಿಗಳಿಗೆಂದೇ ಮಾಡಿದ ಕೈಗಣಕ. ಅದರ ಪ್ರೊಸೆಸರಿನ ವೇಗ 206 ಮೆಗಾಹರ್ಟ್ಸ್; ಸಣ್ಣ ಸೆಲ್ಲುಗಳ ಮೇಲೆ ಓಡುತ್ತಿತ್ತು, ಫ್ಯಾನಿನ ಪ್ರಶ್ನೆಯೇ ಇರಲಿಲ್ಲ. ಕರೆಂಟೇ ಸರಿಯಾಗಿ ಬಾರದ ಊರಿಗೆ ಕಡಿಮೆ ಉಣ್ಣುವ ಯಂತ್ರ ಬೇಕೆಂದು ಅವರು ಮೊದಲೇ ಎಣಿಸಿದ್ದರು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆ ಎಣಿಕೆ ಮಾತ್ರ ಈಗಲೂ ಹಳತಾಗಿಲ್ಲ.

ಪೈ ನಡೆದ ದಾರಿ ಇನ್ನೊಂದು. ಮೊದಲ ಬೋರ್ಡು 700 ಮೆಗಾಹರ್ಟ್ಸಿನದು, ಹೀಟ್ ಸಿಂಕ್ ಎಂಬ ಬಿಸಿ ಹೀರುವ ಲೋಹದ ತುಂಡಿಲ್ಲದೆಯೇ ನೆಮ್ಮದಿಯಾಗಿ ಓಡುತ್ತಿತ್ತು. 2016ರಲ್ಲಿ ಬಂದ ಪೈ 3ರಲ್ಲಿ ನಾಲ್ಕು ಕೋರ್, 1.2 ಗಿಗಾಹರ್ಟ್ಸ್. 2018ರ ಸುಧಾರಿತ ಮಾದರಿಯಲ್ಲಿ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಕೂತಿತು. 60 ಡಿಗ್ರಿ ದಾಟಿದರೆ ವೇಗ ತುಸು ತಗ್ಗಿಸುವ ಏರ್ಪಾಡೂ ಬಂತು. 2019ರ ಜೂನಿನ ಪೈ 4 ಬಿಸಿಯ ವಿಷಯದಲ್ಲಿ ಎಷ್ಟು ಬೈಸಿಕೊಂಡಿತೆಂದರೆ, ಅದೇ ವರ್ಷ ತಂತ್ರಾಂಶ ತಿದ್ದಿ ತಿದ್ದಿ ಅದರ ಕಾವನ್ನು ಇಳಿಸಬೇಕಾಯಿತು. 2023ರ ಪೈ 5ರ ಹೊತ್ತಿಗೆ ಬೋರ್ಡಿನ ಮೇಲೆಯೇ ಫ್ಯಾನಿಗೊಂದು ಸಾಕೆಟ್ಟು ಬಂತು, ಕಂಪನಿಯೇ ಫ್ಯಾನಿರುವ ಕೂಲರ್ ಮಾರತೊಡಗಿತು. ಚಿಪ್ 50 ಡಿಗ್ರಿ ಮುಟ್ಟಿದೊಡನೆ ಆ ಫ್ಯಾನು ತಿರುಗಲು ಶುರು. ಹನ್ನೊಂದು ವರ್ಷದಲ್ಲಿ ಜೇಬಿನ ಯಂತ್ರವೊಂದು ಬೀಸಣಿಗೆ ಕೇಳುವ ಸ್ಥಿತಿಗೆ ಬಂದದ್ದು ಹೀಗೆ.

ಪೈ 4 ಸುಟ್ಟುಹೋಗುವುದಿಲ್ಲ, ಅದೇ ತೊಂದರೆ. ಚಿಪ್ 80 ಡಿಗ್ರಿಗೆ ಬಂದೊಡನೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, 85ಕ್ಕೆ ಇನ್ನಷ್ಟು. ಹೊಗೆಯಿಲ್ಲ, ವಾಸನೆಯಿಲ್ಲ, ಪರದೆಯ ಮೂಲೆಯಲ್ಲೊಂದು ಥರ್ಮಾಮೀಟರಿನ ಚಿತ್ರ ಅಷ್ಟೇ. ಕಂಬದ ಮೇಲಿನ ಡಬ್ಬಿಗೆ ಪರದೆ ಎಲ್ಲಿಂದ ಬರಬೇಕು? ಹಾಗಾಗಿ ದೂರು ಬರುವುದು 'ನೆಟ್ ಸ್ಲೋ', 'ಸಾಫ್ಟ್‌ವೇರ್ ಸರಿ ಇಲ್ಲ', 'ಕ್ಯಾಮೆರಾ ಹ್ಯಾಂಗ್' ಎಂಬ ಹೆಸರುಗಳಲ್ಲಿ. ಸೆಕೆಯ ಹೆಸರಲ್ಲಿ ದೂರು ಬಂದದ್ದು ಅಪರೂಪ.

ಕಾವು ಇಳಿಸುವುದೆಂದರೆ ಫ್ಯಾನು ಕೊಳ್ಳುವುದು ಎಂಬ ಕಲ್ಪನೆ ಮೊದಲು ಹೋಗಬೇಕು. 2020ರಲ್ಲಿ ಬಂದ ಪೈ 400 ನೋಡಿ. ಕೀಬೋರ್ಡಿನ ಹೊಟ್ಟೆಯಲ್ಲೇ ಕಂಪ್ಯೂಟರ್. ಒಳಗಿರುವುದು ಪೈ 4ರ ಚಿಪ್ಪೇ, ಓಡುವುದು ಮಾತ್ರ 1.8 ಗಿಗಾಹರ್ಟ್ಸಿನಲ್ಲಿ, ಅಂದರೆ ಆಗಿನ ಪೈ 4ಕ್ಕಿಂತ ಹೆಚ್ಚು ವೇಗ. ಫ್ಯಾನಿಲ್ಲ. ಆದರೂ ಅದು ತಣ್ಣಗಿರುತ್ತದೆ, ಏಕೆಂದರೆ ಕೀಲಿಗಳ ಕೆಳಗೆ ಉದ್ದಕ್ಕೂ ಒಂದು ಲೋಹದ ತಗಡು ಮಲಗಿದೆ. ಚಿಪ್ಪಿನ ಬಿಸಿ ಅದಕ್ಕೆ ಹರಿದು ಅಷ್ಟಗಲಕ್ಕೂ ಹರಡಿಹೋಗುತ್ತದೆ. ದೋಸೆ ಹಂಚಿನ ನಡುವೆ ಹೊತ್ತಿದ ಉರಿ ಅಂಚಿಗೆ ಹರಡುವ ಹಾಗೆ.

ಇದಕ್ಕಿಂತ ಚೆಂದದ ಉದಾಹರಣೆ ಆಕಾಶದಲ್ಲಿದೆ. 2015ರ ಡಿಸೆಂಬರಿನಲ್ಲಿ ಎರಡು ರಾಸ್ಪ್‌ಬೆರಿ ಪೈಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವು. ಮಕ್ಕಳು ಬರೆದ ಪ್ರೋಗ್ರಾಮುಗಳನ್ನು ಬ್ರಿಟನ್ನಿನ ಗಗನಯಾನಿ ಟಿಮ್ ಪೀಕ್ ಅವುಗಳ ಮೇಲೆ ಓಡಿಸಿದರು. ಭೂಮಿಯ ಮೇಲೆ ಬಿಸಿ ಗಾಳಿ ಹಗುರಾಗಿ ಮೇಲೇರುತ್ತದೆ, ತಣ್ಣನೆಯದು ಅದರ ಜಾಗಕ್ಕೆ ಬರುತ್ತದೆ. ತೂಕವೇ ಇಲ್ಲದ ಕಡೆ ಹಗುರವೇನು, ಭಾರವೇನು? ಬಿಸಿ ಗಾಳಿ ಚಿಪ್ಪಿನ ಸುತ್ತಲೇ ಜಮಾಯಿಸಿ ಕೂರುತ್ತದೆ. ಜೊತೆಗೆ ನಿಲ್ದಾಣದ ಕಟ್ಟುನಿಟ್ಟು: ಮುಟ್ಟುವ ಯಾವ ಮೈಯೂ 45 ಡಿಗ್ರಿ ಮೀರಬಾರದು. ಎಂಜಿನಿಯರುಗಳು ಮಾಡಿದ್ದು ಸರಳ. ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಪೆಟ್ಟಿಗೆ ಮಾಡಿದರು, ಅದರ ಬೆನ್ನಿಗೆ ಮುಳ್ಳುಹಂದಿಯಂತೆ ನೂರಾರು ಕಡ್ಡಿಗಳನ್ನು ನಿಲ್ಲಿಸಿದರು, ಚಿಪ್ಪಿನ ಬಿಸಿ ನೇರ ಪೆಟ್ಟಿಗೆಯ ಮೈಗೇ ಹರಿಯುವಂತೆ ಜೋಡಿಸಿದರು. ಡಬ್ಬಿಯೇ ಹೀಟ್ ಸಿಂಕ್.

ಕಂಬಕ್ಕೆ ಬಿಗಿದ ಮೊಹರು ಹಾಕಿದ ಡಬ್ಬಿಯ ಸ್ಥಿತಿ ಬಾಹ್ಯಾಕಾಶಕ್ಕಿಂತ ಬಹಳ ಭಿನ್ನವೇನಲ್ಲ. ಒಳಗಿನ ಗಾಳಿ ಹೊರಗೆ ಹೋಗುವಂತಿಲ್ಲ, ಪ್ಲಾಸ್ಟಿಕ್ಕಿನ ಮೂಲಕ ಬಿಸಿ ದಾಟುವುದು ಕಷ್ಟ. ಅದರೊಳಗೆ ಫ್ಯಾನು ಹಾಕಿದರೆ ಒಳಗಿನ ಸೆಕೆಯನ್ನೇ ಸುತ್ತ ತಿರುಗಿಸುತ್ತದೆ. ಸ್ವಲ್ಪ ಲಾಭ ಸಿಗಬಹುದು, ಅಷ್ಟೇ. ಮೇಲಾಗಿ ಬೋರ್ಡಿನಲ್ಲಿ ತಿರುಗುವ ಭಾಗ ಅದೊಂದೇ. ದೂಳು, ತೇವ ಸೇರಿದರೆ ಮೊದಲು ಕೆಡುವುದೂ ಅದೇ. ಕೋಣೆಯೊಳಗೆ ಮೇಜಿನ ಮೇಲಿರುವ ಪೈ 5ಕ್ಕೆ ಫ್ಯಾನು ಸರಿ, ಬೇಕು ಕೂಡ. ಕಾಡಂಚಿನ ಕಂಬಕ್ಕೆ ಅದು ತಿಂಗಳಿಗೊಮ್ಮೆ ಏಣಿ ಹತ್ತಿಸುವ ವಸ್ತು.

ಇನ್ನು ಊಟಿಯ ಚಳಿಯ ವಿಷಯ. ಅದನ್ನು ನಂಬಿ ಬಂದವರ ಪಟ್ಟಿ ದೊಡ್ಡದಿದೆ. ಜಾನ್ ಸಲ್ಲಿವನ್ 1820ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಮೇಲೆ ಮದ್ರಾಸ್ ಸರ್ಕಾರವೇ ಬೇಸಿಗೆಗೆ ಕಡತ ಹೊತ್ತು ಬೆಟ್ಟ ಹತ್ತುತ್ತಿತ್ತು. ಮೇಜು ತಂಪಾಗಿಸುವ ಬದಲು ಕಚೇರಿಯನ್ನೇ ತಂಪಿಗೆ ಸಾಗಿಸಿದ ದೊರೆಗಳು ಅವರು. 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಊಟಿಯಲ್ಲಿ ಸ್ಥಾಪನೆಯಾದದ್ದೂ ಇಲ್ಲಿನ ತಂಪು, ದೂಳಿಲ್ಲದ ಗಾಳಿಗಾಗಿ. ಬೋರ್ಡುಗಳಿಗೂ ಈ ತಂಪು ವರವೇ, ಸುಳ್ಳಲ್ಲ. ಆದರೆ ಅದರ ಜೊತೆಗೆ ಒಂದು ಬಡ್ಡಿಯೂ ಇದೆ. ಊಟಿಯಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಿದವರಿಗೆ ಅದು ಗೊತ್ತು: ನೀರು ಇಲ್ಲಿ 93 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಬೇಳೆ ಮೆತ್ತಗಾಗಲು ಹೊತ್ತು ಹಿಡಿಯುತ್ತದೆ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಚೆನ್ನೈಯ ಗಾಳಿಗಿಂತ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತೆಳು. ಹೀಟ್ ಸಿಂಕಿನ ಬಿಸಿಯನ್ನು ಹೊತ್ತೊಯ್ಯಬೇಕಾದದ್ದು ಆ ಗಾಳಿಯೇ. ಕೂಲಿಗಳ ಸಂಖ್ಯೆ ಕಡಿಮೆಯಾದರೆ ಮೂಟೆ ಸಾಗುವುದು ನಿಧಾನ.

ಡೇಟಾ ಸೆಂಟರುಗಳಿಗೆ ಮಾರ್ಗಸೂಚಿ ಬರೆಯುವ ಅಮೆರಿಕದ ಆಶ್ರೇ ಸಂಸ್ಥೆಯ ಸಾಮಾನ್ಯ ಸರ್ವರುಗಳ ಲೆಕ್ಕದಲ್ಲಿ, 900 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರಿಗೆ ಸುತ್ತಲ ತಾಪಮಾನದ ಗರಿಷ್ಠ ಮಿತಿಯನ್ನು 1 ಡಿಗ್ರಿ ಇಳಿಸಬೇಕು. 900 ಮೀಟರ್ ಎಂದರೆ ಹತ್ತಿರ ಹತ್ತಿರ ಮಸಿನಗುಡಿಯ ಎತ್ತರ. ಅಲ್ಲಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಊಟಿಗೆ ಬರುವಷ್ಟರಲ್ಲಿ ನಾಲ್ಕೂವರೆ ಡಿಗ್ರಿ ದಂಡ. ಹವೆ ಎಂಟೊಂಬತ್ತು ಡಿಗ್ರಿ ತಂಪಾಗಿರುತ್ತದಾದ್ದರಿಂದ ಒಟ್ಟಿನಲ್ಲಿ ಲಾಭವೇ. ಅಂದುಕೊಂಡಷ್ಟು ಲಾಭವಲ್ಲ.

ಬಿಸಿಲಿನ ಲೆಕ್ಕ ಇನ್ನೂ ಕೆಟ್ಟದ್ದು. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಡಬ್ಬಿಯ ಒಂದು ಮುಖಕ್ಕೆ ಅದು ನೇರ ಬಿದ್ದರೆ 30 ವ್ಯಾಟ್. ಪೈ 4 ಉಸಿರು ಬಿಗಿಹಿಡಿದು ದುಡಿದರೂ ಉಣ್ಣುವುದು 7 ವ್ಯಾಟ್ ಆಸುಪಾಸು. ಅಂದರೆ ಕಪ್ಪು ಡಬ್ಬಿಯನ್ನು ಬಿಸಿಲಿಗೆ ನೇತುಹಾಕಿದವರು ತಮ್ಮ ಒಂದು ಕಂಪ್ಯೂಟರಿನ ಜೊತೆ ಇನ್ನೂ ಮೂರು ನಾಲ್ಕನ್ನು ಅದೇ ಡಬ್ಬಿಗೆ ತುಂಬಿದಂತೆ. ಬೆಟ್ಟದ ಮೇಲಿನ ಬಿಸಿಲು ಬಯಲಿನದಕ್ಕಿಂತ ಚುರುಕು. ಊಟಿಯ ರೇಸ್ ಕೋರ್ಸ್ ಬಳಿ ಸ್ವೆಟರ್ ಹಾಕಿಕೊಂಡೇ ಮೂಗಿನ ತುದಿ ಸುಟ್ಟುಕೊಂಡ ಪ್ರವಾಸಿಗರೆಲ್ಲ ಇದಕ್ಕೆ ಸಾಕ್ಷಿ. ಈಗ ಚಳಿಯ ಮೇಲಿನ ಭರವಸೆಯೂ ಸಡಿಲವಾಗಿದೆ. 2024ರ ಏಪ್ರಿಲ್ ಕೊನೆಯಲ್ಲಿ ಊಟಿಯ ತಾಪಮಾನ 29 ಡಿಗ್ರಿ ಮುಟ್ಟಿತು, 1951ರಿಂದೀಚೆಗೆ ಅಷ್ಟು ಕಂಡಿರಲಿಲ್ಲ.

ಅದೇ ಊಟಿಯ ಡಿಸೆಂಬರ್, ಜನವರಿ ಇನ್ನೊಂದು ಕತೆ. ತಲೈಕುಂದಾ, ಕಾಂತಲ್ ಕಡೆ ಹುಲ್ಲಿನ ಮೇಲಿನ ಇಬ್ಬನಿ ಬೆಳಗಿನ ಜಾವ ಉಪ್ಪು ಚೆಲ್ಲಿದಂತೆ ಗಟ್ಟಿಯಾಗಿರುತ್ತದೆ. ಪೈ 4ಕ್ಕೆ ತಯಾರಕರು ಹೇಳುವ ಸುತ್ತಲ ತಾಪಮಾನ 0ಯಿಂದ 50 ಡಿಗ್ರಿ. ಹಿಮ ಬಿದ್ದ ರಾತ್ರಿ ಕೆಳಗಿನ ಗಡಿಯೇ ದಾಟಿಹೋಯಿತು. ಸೋಲಾರ್ ಜೋಡಿಸಿದ ಪೆಟ್ಟಿಗೆಯಾದರೆ ತೊಂದರೆ ಬ್ಯಾಟರಿಗೂ ತಟ್ಟುತ್ತದೆ: ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹ ಪದರಗಟ್ಟಿ ಅದು ಶಾಶ್ವತವಾಗಿ ಕೆಡುತ್ತದೆ. ಬೆಳಗಿನ ಮೊದಲ ಬಿಸಿಲು ಪ್ಯಾನೆಲ್‌ಗೆ ತಾಗುವ ಹೊತ್ತಿಗೆ ಬ್ಯಾಟರಿ ಇನ್ನೂ ಹಿಮದಲ್ಲೇ ಇರುತ್ತದೆ.

ತೇವ ಇನ್ನೂ ಕಳ್ಳ. ಬಿಗಿಯಾಗಿ ಮುಚ್ಚಿದ ಡಬ್ಬಿಯೂ ಉಸಿರಾಡುತ್ತದೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಕೇಬಲ್ ತೂರಿದ ಸಂದಿಯಿಂದ ಹೊರಬೀಳುತ್ತದೆ. ರಾತ್ರಿ ತಣಿದಾಗ ಹೊರಗಿನ ಒದ್ದೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ತೇವ ತಣ್ಣನೆಯ ಬೋರ್ಡಿನ ಮೇಲೆ ಹನಿಗಟ್ಟುತ್ತದೆ, ಮತ್ತೆ ಹೊರಗೆ ಹೋಗುವುದಿಲ್ಲ. ವಾಟರ್‌ಪ್ರೂಫ್ ಎಂದು ಕೊಂಡ ಡಬ್ಬಿಯ ತಳದಲ್ಲಿ ಮಳೆಗಾಲ ಮುಗಿಯುವಾಗ ಚಮಚ ನೀರು ಸಿಗುವುದು ಹೀಗೆ. ಇದಕ್ಕೆ ಮದ್ದು ಬೋರ್ಡಿನ ಬಿಸಿಯಲ್ಲೇ ಇದೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿ, ಜಡಿಮಳೆಯಲ್ಲೂ ಬೀಜ ಬೂಸಲು ಹಿಡಿಯದಂತೆ ಕಾಪಾಡುತ್ತಿದ್ದರು. ಕೆಳಗಿನ ಸಣ್ಣ ಕಾವು ಸಾಕಿತ್ತು. ರಾತ್ರಿ ಕರೆಂಟು ಉಳಿಸಲೆಂದು ಬೋರ್ಡನ್ನು ಪೂರ್ತಿ ಆರಿಸುವ ಬದಲು ಸಣ್ಣಗೆ ಉರಿಯಲು ಬಿಟ್ಟರೆ ಅದರ ಎರಡು ಮೂರು ವ್ಯಾಟ್ ಕಾವೇ ಡಬ್ಬಿಯನ್ನು ಒಣಗಿಸಿಡುತ್ತದೆ. ಡಬ್ಬಿಯ ತಳಕ್ಕೆ ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ಬಿರಡೆಯೊಂದನ್ನು ಹಾಕಿದರೆ ಉಸಿರಾಟವೂ ಸಲೀಸು. ಊಟಿಯಲ್ಲಿ ಕಾವನ್ನು ಓಡಿಸುವುದಕ್ಕಿಂತ ಅಳತೆಯಲ್ಲಿ ಇಟ್ಟುಕೊಳ್ಳುವುದು ಹೆಚ್ಚು ಮುಖ್ಯವಾದ ತಿಂಗಳುಗಳಿವೆ.

ಮಸಿನಗುಡಿಗೆ ಇಳಿದರೆ ಈ ಮಾತೆಲ್ಲ ತಲೆಕೆಳಗು. ನೀಲಗಿರಿಯ ಮಳೆ ನೆರಳಿನ ಬದಿ ಅದು. ಕುರುಚಲು ಕಾಡು, ಒಣ ಗಾಳಿ, ಬೇಸಿಗೆಯಲ್ಲಿ ಬಂಡೀಪುರದ ಕಡೆಯದೇ ಧಗೆ. ಅಲ್ಲಿನ ಶೀಟು ಮಾಡಿನ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಹೊರಗೆ 35 ಡಿಗ್ರಿ, ಶೀಟಿನ ಕೆಳಗೆ 40. ಸಿಸಿ ಕ್ಯಾಮೆರಾದ ಚಿತ್ರ ಜಮೆಯಾಗುವ ಬೋರ್ಡು ಗೋಡೆಯ ಮೇಲ್ತುದಿಯಲ್ಲಿ, ಅಂದರೆ ಬಿಸಿ ಗಾಳಿ ಸೇರುವ ಜಾಗದಲ್ಲೇ, ಕಳ್ಳರ ಕೈಗೆ ಸಿಗಬಾರದೆಂದು. ಪ್ಲಾಸ್ಟಿಕ್ ಕವಚದೊಳಗೆ ಇನ್ನೂ ಹತ್ತು ಡಿಗ್ರಿ. ಹೀಟ್ ಸಿಂಕ್ ಇಲ್ಲದ ಪೈ 4 ತಂಪು ಕೋಣೆಯಲ್ಲಿ ಬಿಡಿಯಾಗಿ ಕೂತು ಪೂರ್ತಿ ದುಡಿದರೂ ಸ್ವಲ್ಪ ಹೊತ್ತಿಗೆ 80 ಮುಟ್ಟುತ್ತದೆ. ಇಲ್ಲಿ ಅದು ಅರೆವೇಗದಲ್ಲೇ ಅಲ್ಲಿಗೆ ಬಂದು ನಿಲ್ಲುತ್ತದೆ. ಅಂಗಡಿಯವನು ಬೋರ್ಡನ್ನು ಎರಡಡಿ ಕೆಳಗಿಳಿಸಿ, ಮಲಗಿಸಿದ್ದನ್ನು ನಿಲ್ಲಿಸಿದರೆ ಖರ್ಚಿಲ್ಲದೆ ಕೆಲವು ಡಿಗ್ರಿ ಉಳಿಯುತ್ತದೆ. ನಿಲ್ಲಿಸಿದ ಬೋರ್ಡಿನ ಎರಡೂ ಮೈಗುಂಟ ಗಾಳಿ ಏರುತ್ತದೆ. ಮಲಗಿದ್ದಾಗ ಹೊಟ್ಟೆಯಡಿಯ ಗಾಳಿ ಅಲ್ಲೇ ಕೊಳೆಯುತ್ತದೆ. ಹತ್ತಿರದ ತೆಪ್ಪಕಾಡಿನ ಶಿಬಿರದಲ್ಲಿ ಆನೆಗಳು ಮಧ್ಯಾಹ್ನವಿಡೀ ಕಿವಿ ಬೀಸುವುದೂ ಇದೇ ಕೆಲಸಕ್ಕೆ. ತೆಳು ಚರ್ಮ, ಅದರಡಿ ರಕ್ತನಾಳಗಳ ಬಲೆ: ಹೀಟ್ ಸಿಂಕೂ ಅದೇ, ಫ್ಯಾನೂ ಅದೇ.

ಗೂಡಲೂರಿನಲ್ಲಿ ಬಿಸಿಗಿಂತ ಮಳೆಯ ಭಯ ದೊಡ್ಡದು. ನೈಋತ್ಯ ಮಳೆ ಘಟ್ಟಕ್ಕೆ ನೇರ ಬಡಿಯುವ ಜಾಗ. ಇತ್ತ ಬೆಟ್ಟದ ಮೇಲಿನ ಅವಲಾಂಚಿಯಲ್ಲಿ 2019ರ ಆಗಸ್ಟ್ 8ರಂದು ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದದ್ದನ್ನು ಜಿಲ್ಲೆ ಮರೆತಿಲ್ಲ. ಆ ಭಯಕ್ಕೆ ಡಬ್ಬಿಗಳನ್ನು ಇನ್ನಷ್ಟು ಬಿಗಿಯುತ್ತಾರೆ. ಸಂದಿ ಬಿಟ್ಟರೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಬೆಚ್ಚಗೆ ಮಲಗಲು ಬಂದು ಎರಡು ತಂತಿಗಳ ನಡುವೆ ಸಾಯುತ್ತದೆ. ಬಿಗಿಯುವವರ ಕಷ್ಟ ನಿಜವಾದದ್ದೇ. ಆದರೆ ಇದೇ ಊರಿನ ಚಹಾ ಕಾರ್ಖಾನೆಗಳಲ್ಲಿ ಗಾಳಿಯ ವ್ಯವಹಾರ ಬಲ್ಲವರು ತಲೆಮಾರುಗಳಿಂದ ಇದ್ದಾರೆ. ಹಸಿ ಎಲೆಯನ್ನು ತಂತಿ ಬಲೆಯ ಉದ್ದನೆಯ ತೊಟ್ಟಿಗಳಲ್ಲಿ ಹರವಿ, ಕೆಳಗಿನಿಂದ ಗಾಳಿ ಊದಿ ಬಾಡಿಸುವಾಗ, ಇವತ್ತು ಮೋಡ ಕವಿದಿದೆ, ಗಾಳಿ ಒದ್ದೆ, ಎಲೆ ತೆಳ್ಳಗೆ ಹರಡಬೇಕು, ಬಿಸಿ ಗಾಳಿ ಸ್ವಲ್ಪ ಬೆರೆಸಬೇಕು ಎಂದು ಎರಡು ಥರ್ಮಾಮೀಟರ್ ನೋಡಿ ಹೇಳುತ್ತಾರೆ, ಒಂದು ಒಣ, ಒಂದು ಒದ್ದೆ ಬತ್ತಿಯದು. ಬೋರ್ಡು ಕೂರಿಸುವ ಗುತ್ತಿಗೆದಾರ ಅಂಥವರೊಬ್ಬರನ್ನು ಅರ್ಧ ದಿನ ಕರೆದೊಯ್ದಿದ್ದರೆ ಅವನ ಡಬ್ಬಿಗಳು ಬೇರೆ ರೀತಿ ಇರುತ್ತಿದ್ದವು.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗವೇಕೆಂದರೆ, ಈ ಬೋರ್ಡುಗಳ ಮೇಲೆ ಈಗ ಜೀವಗಳೂ ನಿಂತಿವೆ. 2024ರ ಫೆಬ್ರವರಿಯಲ್ಲಿ ತಮಿಳುನಾಡು ಅರಣ್ಯ ಇಲಾಖೆ ಕೊಯಮತ್ತೂರು ಬಳಿಯ ಮಧುಕ್ಕರೈಯಲ್ಲಿ, ರೈಲು ಹಳಿ ದಾಟುವ ಆನೆಗಳನ್ನು ಗುರುತಿಸಲು 12 ಗೋಪುರಗಳ ಎಐ ಎಚ್ಚರಿಕೆ ವ್ಯವಸ್ಥೆಯನ್ನು 7.24 ಕೋಟಿ ರೂಪಾಯಿ ವೆಚ್ಚದಲ್ಲಿ ಶುರುಮಾಡಿತು. ಗೂಡಲೂರು ಕಡೆಗೂ ಎಐ ಕ್ಯಾಮೆರಾಗಳು ಬಂದಿವೆ. ಸಣ್ಣ ಪ್ರಮಾಣದಲ್ಲಿ ಇದೇ ಕೆಲಸವನ್ನು ರಾಸ್ಪ್‌ಬೆರಿ ಪೈ ಮೇಲೆ ಮಾಡುವ ಪ್ರಯತ್ನಗಳೂ ನಡೆದಿವೆ. ಇಂಗ್ಲೆಂಡಿನ ಆರಿಬಾಡಾ ಸಂಸ್ಥೆ ಲಂಡನ್ನಿನ ಪ್ರಾಣಿಶಾಸ್ತ್ರ ಸೊಸೈಟಿಯ ಜೊತೆ ಸೇರಿ ವಿಪ್ಸ್‌ನೇಡ್ ಮೃಗಾಲಯದ ಆನೆಗಳ ಉಷ್ಣಚಿತ್ರ ತೆಗೆದು, ಅಗ್ಗದ ಉಷ್ಣ ಕ್ಯಾಮೆರಾ ಮತ್ತು ಪೈ ಸೇರಿಸಿ ಆನೆ ಗುರುತಿಸುವುದನ್ನು ಕಲಿಸಿತು. ಮನುಷ್ಯನ ಕಣ್ಣಿಗೆ ಕಾಣದ ಕತ್ತಲಲ್ಲಿ ಆನೆಯ ಮೈಕಾವು ಇಂಥ ಕ್ಯಾಮೆರಾಗೆ ಕಾಣುತ್ತದೆ. ಆದರೆ ತಂಪುಯಂತ್ರವಿಲ್ಲದ ಈ ಅಗ್ಗದ ಸಂವೇದಕ ತಾನೇ ಬಿಸಿಯಾದಾಗ ಅದರ ಚಿತ್ರ ಮಬ್ಬಾಗಿ ಕದಡುತ್ತದೆ. ಆಗಾಗ ಒಳಗಿನ ಪುಟ್ಟ ಮುಚ್ಚಳ ಮುಚ್ಚಿ ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕು. ಪಕ್ಕದಲ್ಲೇ 80 ಡಿಗ್ರಿಯ ಪ್ರೊಸೆಸರನ್ನು ಕೂರಿಸುವುದೆಂದರೆ ಕಾವಲುಗಾರನ ಕನ್ನಡಕಕ್ಕೆ ಹಬೆ ಊದಿದ ಹಾಗೆ. ಪ್ರೊಸೆಸರ್ ಅರೆವೇಗಕ್ಕೆ ಇಳಿದರೆ ಒಂದು ಚಿತ್ರ ನೋಡಿ ಆನೆ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಎರಡು ಪಟ್ಟು ಹೊತ್ತು. ತೋಟದ ಲೈನ್ ಮನೆಯ ಮುಂದೆ ಆನೆ ನಿಂತಿರುವಾಗ ಆ ಹೊತ್ತಿಗೆ ಬೆಲೆ ಇದೆ.

ಖರೀದಿಯ ಕಾಗದಗಳಲ್ಲಿ ಎಷ್ಟು ಜಿಬಿ, ಎಷ್ಟು ಗಿಗಾಹರ್ಟ್ಸ್, ಎಷ್ಟು ವರ್ಷದ ವಾರಂಟಿ ಎಂಬುದಿರುತ್ತದೆ. ಡಬ್ಬಿಯ ಕಾಲಂನಲ್ಲಿ 'ವಾಟರ್‌ಪ್ರೂಫ್' ಎಂಬ ಒಂದೇ ಪದ. ಅಲ್ಲಿ ಇನ್ನೂ ಕೆಲವು ಸಾಲು ಬೇಕು: ಡಬ್ಬಿ ಲೋಹದ್ದಿರಲಿ, ಚಿಪ್ಪಿಗೂ ಅದರ ಮೈಗೂ ನಡುವೆ ಅಲ್ಯೂಮಿನಿಯಂ ತುಂಡು ಇರಲಿ, ಹೊರಮೈ ಬಿಳಿ ಇರಲಿ, ಎರಡು ಬೆರಳು ಅಂತರದಲ್ಲಿ ಬಿಸಿಲು ತಡೆಯುವ ತಗಡಿನ ಕೊಡೆ ಇರಲಿ, ಕೇಬಲ್ ಕೆಳಗಿನಿಂದ ಒಳಹೋಗಲಿ. ಇದಕ್ಕೆ ದೊಡ್ಡ ಖರ್ಚೇನಿಲ್ಲ. ಎಲ್ಲಕ್ಕಿಂತ ಮೇಲಾಗಿ ಪರೀಕ್ಷೆ ಎಲ್ಲಿ ಎಂದು ಬರೆಯಬೇಕು. ಏರ್ ಕಂಡೀಷನರ್ ಇರುವ ಚೆನ್ನೈಯ ಕೋಣೆಯಲ್ಲಿ ಪಾಸಾದ ಪೆಟ್ಟಿಗೆಗೆ ಮಸಿನಗುಡಿಯ ಏಪ್ರಿಲ್ ಗೊತ್ತಿಲ್ಲ. ಕಟ್ಟುವ ಕಂಬದ ಮೇಲೆಯೇ, ಮಧ್ಯಾಹ್ನ ಎರಡು ಗಂಟೆಗೆ, ಒಂದು ತಾಸು ಪೂರ್ತಿ ದುಡಿಸಿ ಚಿಪ್ 70 ಡಿಗ್ರಿ ದಾಟದಿದ್ದರೆ ಹಣ ಪಾವತಿ. ಗುತ್ತಿಗೆದಾರರು ಇದಕ್ಕೆ ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಇನ್ನೊಂದು ಉಪಾಯಕ್ಕೆ ಕಾಸೂ ಬೇಡ. ಕೆಲಸ ಕಡಿಮೆ ಮಾಡಿಸುವುದು. ಚಿಪ್ ಉಣ್ಣುವ ವಿದ್ಯುತ್ತು ಅದರ ವೇಗದ ಜೊತೆ ಏರುತ್ತದೆ, ಅದಕ್ಕೆ ಕೊಡುವ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ತಗ್ಗಿಸಿದರೆ ವೋಲ್ಟೇಜೂ ತಗ್ಗಿಸಬಹುದಾದ್ದರಿಂದ, ವೇಗ ಮೂರರಲ್ಲೊಂದು ಪಾಲು ಇಳಿದರೆ ಕಾವು ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಕಾಡಿನ ಸದ್ದು ಕೇಳಿ ಹಕ್ಕಿ ಗುರುತಿಸುವ ಬರ್ಡ್‌ನೆಟ್-ಪೈ ಎಂಬ ತಂತ್ರಾಂಶವಿದೆ. ಶೋಲಾ ಕಾಡಿನ ಅಂಚಿನಲ್ಲಿ ನೀಲಗಿರಿ ಲಾಫಿಂಗ್‌ಥ್ರಶ್‌ನ ಕೂಗಿಗೆ ಕಿವಿಗೊಡಲು ಯಾರಾದರೂ ಅದನ್ನು ಇಟ್ಟರೆ ಅತಿ ವೇಗದ ಪೈ 5 ಬೇಕಿಲ್ಲ, ಬೆರಳುದ್ದದ ಪೈ ಝೀರೊ 2ರಲ್ಲೂ ಅದು ಓಡುತ್ತದೆ. ಮದುವೆ ಅಡುಗೆಯ ಕೊಪ್ಪರಿಗೆಯಲ್ಲಿ ಇಬ್ಬರಿಗೆ ಕಾಫಿ ಕಾಯಿಸುವ ಚಟ ಇಲಾಖೆಗಳಲ್ಲೂ ಇದೆ, ಹವ್ಯಾಸಿಗಳಲ್ಲೂ ಇದೆ.

ನಿಧಾನವಾದ ಬೋರ್ಡಿಗೆಲ್ಲ ಸೆಕೆಯೇ ಕಾರಣ ಎಂದೂ ಹೇಳಲಾಗದು. ಪೈಗೆ ಬೇಕಾದದ್ದು 5 ವೋಲ್ಟ್, ಅದು 4.63ಕ್ಕಿಂತ ಕೆಳಗಿಳಿದರೆ ಆಗಲೂ ವೇಗ ಕಡಿಮೆಯಾಗುತ್ತದೆ. ಹಳೇ ಮೊಬೈಲಿನ ಚಾರ್ಜರ್, ಉದ್ದನೆಯ ತೆಳು ಕೇಬಲ್ ಇದ್ದಲ್ಲಿ ಇದು ನಿತ್ಯದ ಗೋಳು. ಯಾವುದು ಕಾವು, ಯಾವುದು ಕರೆಂಟು ಎಂಬುದನ್ನು ಬೋರ್ಡು ಬೇರೆಬೇರೆಯಾಗಿ ನೆನಪಿಟ್ಟಿರುತ್ತದೆ. ಒಂದು ಸಾಲಿನ ಆಜ್ಞೆ ಕೊಟ್ಟು ಕೇಳಿದರೆ ಹೇಳುತ್ತದೆ. ಕೇಳುವವರು ಬೇಕು. ಇನ್ನು ಕೆಲವು ಕಡೆ ಹೀಟ್ ಸಿಂಕ್ ಹಾಕಿಯೂ ಬಿಸಿ ಇಳಿದಿರುವುದಿಲ್ಲ. ಬಿಚ್ಚಿ ನೋಡಿದರೆ ಅದರ ಅಂಟಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತಿರುವುದೇ ಇಲ್ಲ; ಹೊಸ ಮೊಬೈಲಿನ ಗಾಜಿನ ಹಾಳೆಯಂತೆ ಅದನ್ನೂ ಜೋಪಾನವಾಗಿ ಉಳಿಸಿರುತ್ತಾರೆ.

ಗೂಡಲೂರಿನ ನೆರೆಯ ಕೇರಳದಲ್ಲಿ 2015ರಲ್ಲೇ ಶಾಲಾ ಮಕ್ಕಳಿಗೆ ಸರ್ಕಾರ ರಾಸ್ಪ್‌ಬೆರಿ ಪೈ ಹಂಚಿತ್ತು. ನೀಲಗಿರಿಯ ಶಾಲೆಗಳಿಗೆ ಇಂಥ ಬೋರ್ಡುಗಳ ಮೇಲೆ ಮಾಡಬಹುದಾದ ಮೊದಲ ಪ್ರಯೋಗ ಬಣ್ಣದ ಬಲ್ಬು ಮಿನುಗಿಸುವುದಾಗಬೇಕಿಲ್ಲ. ಊಟಿಯಲ್ಲೊಂದು, ಗೂಡಲೂರಿನಲ್ಲೊಂದು, ಮಸಿನಗುಡಿಯಲ್ಲೊಂದು, ಒಂದೇ ಮಾದರಿಯ ಬೋರ್ಡು, ಒಂದೇ ಮಾದರಿಯ ಡಬ್ಬಿ. ಹತ್ತು ನಿಮಿಷಕ್ಕೊಮ್ಮೆ ಚಿಪ್ಪಿನ ಕಾವು, ಡಬ್ಬಿಯೊಳಗಿನ ಕಾವು, ಹೊರಗಿನ ಕಾವು, ತೇವ ಇಷ್ಟನ್ನೂ ಬರೆದಿಡಲಿ. ಒಂದು ವರ್ಷದ ಆ ಪಟ್ಟಿ ಜಿಲ್ಲೆಯ ಯಾವ ಇಲಾಖೆಯ ಬಳಿಯೂ ಇರದ ದಾಖಲೆಯಾಗುತ್ತದೆ, ಟೆಂಡರ್ ಬರೆಯುವವರು ಶಾಲೆಗೆ ಬಂದು ಕೇಳಬೇಕಾಗುತ್ತದೆ. ಶುರುಮಾಡಲು ಊಟಿಯ ಬೋರ್ಡಿಗೆ ತಲೈಕುಂದಾದ ಹುಲ್ಲು ಬಿಳಿಯಾಗುವ ಜನವರಿ ಒಳ್ಳೆಯ ತಿಂಗಳು. ಮಸಿನಗುಡಿಯದಕ್ಕೆ ಮಾರ್ಚ್‌ವರೆಗೂ ಪುರುಸೊತ್ತಿದೆ.